ಹೊಸ ಕ್ಲಿನಿಕ್‌ಗೆ ಯಾವ ಇಎಂಆರ್ ಅಂತ ಕೇಳೋ ಮುಂಚೆ, ನಾಳೆ ಬಿಡೋದು ಹೇಗೆ ಅಂತ ಕೇಳಿ

ಪ್ರಶ್ನೆ: ನಾನು ಜನರಲ್ ಮೆಡಿಸಿನ್, ಹೆಂಡ್ತಿ ಮಕ್ಕಳ ಡಾಕ್ಟ್ರು. ಇಷ್ಟು ವರ್ಷ ದೊಡ್ಡ ಆಸ್ಪತ್ರೆಲಿ ಕೆಲ್ಸ ಮಾಡಿ ಈಗ ಇಬ್ರೂ ಸೇರಿ ಸ್ವಂತ ಕ್ಲಿನಿಕ್ ತೆಗೀತಾ ಇದೀವಿ, ಶುರುವಾಗೋಕೆ ಇನ್ನು ಮೂರು ತಿಂಗಳಿದೆ. ರೋಗಿಗಳ ರೆಕಾರ್ಡ್ ಇಡೋಕೆ ಇಎಂಆರ್ ಸಾಫ್ಟ್‌ವೇರ್ ಅಂತ ಮೂರು ಡೆಮೊ ನೋಡಿದ್ವಿ. ಒಂದು ಪೂರ್ತಿ ಫ್ರೀ ಅಂತಾರೆ, ಒಂದು ಕ್ಲೌಡಲ್ಲಿ ತಿಂಗಳ ಬಾಡಿಗೆ, ಇನ್ನೊಂದು ನಮ್ಮ ಕ್ಲಿನಿಕ್ಕಲ್ಲೇ ಸರ್ವರ್ ಇಟ್ಟು ಹಾಕಿಕೊಡ್ತಾರೆ. ಮೂರೂ ಚೆನ್ನಾಗೇ ಕಾಣಿಸ್ತು, ಅದೇ ತಲೆನೋವು. ಆಸ್ಪತ್ರೆಲಿದ್ದ ಸಾಫ್ಟ್‌ವೇರ್ ಕಂಡ್ರೆ ನಂಗೆ ಮೈ ಉರೀತಿತ್ತು, ರೋಗಿ ಮುಖ ನೋಡೋಕಿಂತ ಸ್ಕ್ರೀನ್ ನೋಡಿದ್ದೇ ಜಾಸ್ತಿ. ಹೆಂಡ್ತಿಗೆ ಕ್ಲೌಡಲ್ಲಿಟ್ರೆ ಡೇಟಾ ಯಾರಾದ್ರೂ ಕದೀತಾರೆ ಅನ್ನೋ ಭಯ. ನಮ್ಮ ಸೀನಿಯರ್ ಒಬ್ರು ಮೊದಲ ವರ್ಷ ಪೇಪರಲ್ಲೇ ನಡೆಸಿ, ಆಮೇಲೆ ನೋಡಿದ್ರಾಯ್ತು ಅಂತಾರೆ. ಯಾವ್ದು ಬೆಸ್ಟ್, ನೇರವಾಗಿ ಹೇಳಿ.

ಉತ್ತರ: ಡಾಕ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಭಯ ಬರೆದಿದೀರಿ, ಸ್ಕ್ರೀನ್ ಮಧ್ಯ ಬರತ್ತೆ ಅನ್ನೋದು, ಡೇಟಾ ಕಳುವಾಗತ್ತೆ ಅನ್ನೋದು. ಮೂರನೇದು ಬರೆದಿಲ್ಲ ಆದ್ರೆ ಸಾಲುಗಳ ಮಧ್ಯ ಕಾಣ್ತಿದೆ, ತಪ್ಪು ಸಾಫ್ಟ್‌ವೇರ್ ತಗೊಂಡು ಅದರಲ್ಲೇ ಸಿಕ್ಕಾಕ್ಕೊಂಡ್ರೆ ಏನ್ ಗತಿ ಅಂತ. ನಾನು ಕ್ಲಿನಿಕ್‌ಗಳಿಗೆ ಈ ವ್ಯವಸ್ಥೆ ಕೂರಿಸಿಕೊಡೋ ಕೆಲಸದಲ್ಲೇ ಇರೋದು, ನನ್ನ ಕೇಳಿದ್ರೆ ಮೊದಲೆರಡಕ್ಕಿಂತ ಈ ಮೂರನೇದೇ ನಿಜವಾದ ಅಪಾಯ, ಉತ್ತರದ ಜಾಸ್ತಿ ಭಾಗ ಅದಕ್ಕೇ ಹೋಗತ್ತೆ.

ಮೊದಲು "ಬೆಸ್ಟ್" ವಿಷಯ ಮುಗಿಸಿಬಿಡೋಣ. 2005ರಲ್ಲಿ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಿಂದ ಒಂದು ಅಧ್ಯಯನ ಬಂತು, ನಿಮ್ಮ ಮನೆಯವರಿಗೆ ಗೊತ್ತಿರಬೋದು. ಬೇರೆ ಆಸ್ಪತ್ರೆಗಳಿಂದ ಕಳಿಸಿಕೊಟ್ಟ ಮಕ್ಕಳಲ್ಲಿ ಸಾವಿನ ಪ್ರಮಾಣ ಕಂಪ್ಯೂಟರ್ ಆರ್ಡರ್ ವ್ಯವಸ್ಥೆ, ಅಂದ್ರೆ ಔಷಧಿ, ಪರೀಕ್ಷೆನೆಲ್ಲಾ ಕಂಪ್ಯೂಟರಲ್ಲೇ ಬರೆಯೋದು, ಬಂದ ಮೇಲೆ ಶೇ. 2.80 ಇದ್ದದ್ದು ಶೇ. 6.57ಕ್ಕೆ ಹೋಗಿತ್ತು. ಎಲ್ರೂ ಬೆಚ್ಚಿಬಿದ್ರು. ಮಾರನೇ ವರ್ಷ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರು ತಮ್ಮ ಲೆಕ್ಕ ಕೊಟ್ರು, ಅದೇ ಕಂಪನಿಯ ಸಾಫ್ಟ್‌ವೇರು, ಆದ್ರೆ ಸಾವು ಹೆಚ್ಚಾಗಿರಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಮಗು ಬಂದು ದಾಖಲಾಗೋ ತನಕ ಆರ್ಡರ್ ಹಾಕೋ ಹಾಗೇ ಇರ್ಲಿಲ್ಲ, ಮುಂಚೆ ಆಂಬುಲೆನ್ಸ್ ದಾರಿಲಿರೋವಾಗ್ಲೇ ಔಷಧಿ ರೆಡಿ ಮಾಡಿಡ್ತಿದ್ರು, ಆ ಅಭ್ಯಾಸ ನಿಂತುಹೋಯ್ತು. ಹಾಗಾಗಿ ಇಂಥದ್ದು ಬೆಸ್ಟ್ ಅಂತ ಹೆಸರು ಹೇಳಿದ್ರೆ ನಾನು ನಿಮಗೆ ಮೋಸ ಮಾಡ್ದಂಗೆ. ನಿಮ್ಮಿಬ್ಬರ ಕೆಲಸದ ಓಟಕ್ಕೆ ಅದು ಹೊಂದತ್ತಾ ಇಲ್ವಾ ಅನ್ನೋದು ಮಾತ್ರ ಪ್ರಶ್ನೆ, ಅದನ್ನ ಪರೀಕ್ಷೆ ಮಾಡಿ ನೋಡೋಕೆ ಆಗತ್ತೆ.

ಆಸ್ಪತ್ರೆ ಸಾಫ್ಟ್‌ವೇರ್ ಮೇಲೆ ಕೋಪ ಬಂದಿದ್ದು ಸರಿಯೇ ಇದೆ. 2016ರಲ್ಲಿ ಅಮೆರಿಕದಲ್ಲಿ ಡಾಕ್ಟ್ರುಗಳ ಪಕ್ಕ ನಿಂತು ಸಮಯ ಅಳೆದು ನೋಡಿದಾಗ, ರೋಗಿ ಎದುರು ಕಳೆಯೋ ಪ್ರತಿ ಒಂದು ಗಂಟೆಗೆ ಹತ್ರ ಹತ್ರ ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದ ಪತ್ರಕ್ಕೆ ಹೋಗ್ತಿತ್ತು. ಯಾಕಂದ್ರೆ ಅಂಥ ದೊಡ್ಡ ಸಾಫ್ಟ್‌ವೇರ್‌ಗಳು ಬಿಲ್ಲಿಂಗು, ಇನ್ಶೂರೆನ್ಸು, ಆಡಿಟ್ಟು ಇವರಿಗೆಲ್ಲಾ ಬೇಕಾದ ಕಾಲಂಗಳನ್ನ ತಂದು ಡಾಕ್ಟ್ರ ತಲೆ ಮೇಲೆ ಹಾಕ್ತವೆ, ತುಂಬಿಸೋಕೆ ಅಲ್ಲಿರೋದು ನೀವೊಬ್ರೇ ಅಲ್ವಾ. ಸಣ್ಣ ಕ್ಲಿನಿಕ್ಕಲ್ಲಿ ಆ ಹೊರೆ ನೀವೇ ಆರಿಸ್ಕೋಬೋದು, ಅದೇ ನಿಮಗಿರೋ ಅನುಕೂಲ. ಆದ್ರೆ ಜನ ಏನ್ ಮಾಡ್ತಾರೆ, ಡೆಮೊದಲ್ಲಿ ಫೀಚರ್ ಪಟ್ಟಿ ನೋಡಿ ಯಾವ್ದರಲ್ಲಿ ಜಾಸ್ತಿ ಇದೆಯೋ ಅದನ್ನ ತಗೋತಾರೆ, ಆಮೇಲೆ ಅದೇ ಕಾಲಂ ಅದೇ ಕ್ಲಿಕ್ಕು, ಆಸ್ಪತ್ರೆನ ಮನೆಗೆ ತಂದ್ಕೊಂಡಂಗೆ.

ಡೆಮೊ ಚೆನ್ನಾಗಿ ಕಾಣಲೇಬೇಕು, ತೋರ್ಸೋರು ದಿನಾ ಅದನ್ನೇ ತೋರಿಸ್ತಿರ್ತಾರೆ. ಅವರ ಡೆಮೊ ರೋಗಿಗೆ ಯಾವಾಗ್ಲೂ ಒಂದೇ ಕಾಯಿಲೆ, ಎರಡು ಮಾತ್ರೆ. ಮೂವರನ್ನೂ ಮತ್ತೆ ಕರೀರಿ, ಈ ಸಲ ಮೌಸು ನಿಮ್ಮ ಕೈಲಿರ್ಲಿ, ರೋಗಿನೂ ನಿಮ್ಮದೇ ಇರ್ಲಿ (ಹೆಸರು ಬದಲಾಯಿಸಿ). ನಿಮ್ಮ ಕಡೆಯಿಂದ ಶುಗರ್, ಬಿಪಿ, ಕಿಡ್ನಿ ಮೂರೂ ಇರೋ, ಏಳೆಂಟು ಔಷಧಿ ತಗೊಳ್ಳೋ ಒಬ್ಬ ರೋಗಿ ಹಾಕಿ. ಮೊದಲ ಭೇಟಿ ಎಷ್ಟೊತ್ತಾದ್ರೂ ಆಗ್ಲಿ ಬಿಡಿ, ಎರಡನೇ ಭೇಟಿ ನೋಡಿ, ಒಂದೇ ಒಂದು ಮಾತ್ರೆ ಡೋಸ್ ಬದಲಾಯಿಸಿ ಉಳಿದಿದ್ದೆಲ್ಲಾ ಹಾಗೇ ಮುಂದುವರಿಸೋಕೆ ಎಷ್ಟು ಹೊತ್ತು ಹಿಡೀತು. ನಿಮ್ಮ ದಿನದ ಅರ್ಧ ಕೆಲ್ಸ ಅದೇ ತಾನೇ. ಆಮೇಲೆ ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ರಕ್ತಪರೀಕ್ಷೆ ಹಾಕಿ, ಒಂದು ರಿಪೋರ್ಟು ಮಿಲಿಗ್ರಾಂ ಪರ್ ಡೆಸಿಲೀಟರ್‌ನಲ್ಲಿ, ಇನ್ನೊಂದು ಲ್ಯಾಬಿನದು ಮೈಕ್ರೋಮೋಲ್ ಪರ್ ಲೀಟರ್‌ನಲ್ಲಿ. ಒಂದಕ್ಕೆ ಇನ್ನೊಂದು 88.4 ಪಟ್ಟು. ಗ್ರಾಫ್ ಇದನ್ನ ಸರಿಯಾಗಿ ಬದಲಾಯಿಸಿ ತೋರಿಸತ್ತೋ, ಇಲ್ಲಾ ರೋಗಿಗೆ ಡಯಾಲಿಸಿಸ್ ಬೇಕು ಅನ್ನೋ ಹಾಗೆ ಗೆರೆ ಆಕಾಶಕ್ಕೆ ಹಾರತ್ತೋ ನೋಡಿ.

ಪೆನಿಸಿಲಿನ್ ಅಲರ್ಜಿ ಅಂತ ದಾಖಲಿಸಿ, ಅದೇ ಜಾತಿಯ ಅಮಾಕ್ಸಿಸಿಲಿನ್ ಇರೋ ಔಷಧಿನ ಬ್ರ್ಯಾಂಡ್ ಹೆಸರಲ್ಲಿ ಬರೀರಿ. ಎಚ್ಚರಿಕೆ ಬಂತಾ? ಈಗ ಅದೇ ಅಲರ್ಜಿನ ಅಲರ್ಜಿ ಕಾಲಂ ಬಿಟ್ಟು ನೋಟ್ಸ್‌ನಲ್ಲಿ ಸುಮ್ನೆ ಟೈಪ್ ಮಾಡಿ ನೋಡಿ, ಬಹುತೇಕ ಸಾಫ್ಟ್‌ವೇರ್‌ಗಳು ಬಾಯೇ ಬಿಡಲ್ಲ. ಅದು ತಪ್ಪು ಅಂತಲ್ಲ, ಹಾಗೆ ಅಂತ ನಿಮ್ಮ ನರ್ಸಿಗೂ ನಿಮಗೂ ಮೊದಲೇ ಗೊತ್ತಿರ್ಬೇಕು ಅಷ್ಟೇ. ಹಾಗಂತ ಎಚ್ಚರಿಕೆ ಜಾಸ್ತಿ ಬಂದಷ್ಟೂ ಒಳ್ಳೇದು ಅಂದ್ಕೋಬೇಡಿ. 2006ರಲ್ಲಿ ಆಗಿನ ಅಧ್ಯಯನಗಳನ್ನೆಲ್ಲಾ ಒಟ್ಟುಗೂಡಿಸಿ ನೋಡಿದಾಗ ಡಾಕ್ಟ್ರುಗಳು ಔಷಧಿ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನ ತಳ್ಳಿಹಾಕಿ ಮುಂದೆ ಹೋಗ್ತಿದ್ರು. ಪ್ರತಿ ಪ್ರಿಸ್ಕ್ರಿಪ್ಷನ್‌ಗೂ ಕೆಂಪು ಪೆಟ್ಟಿಗೆ ಬಂದ್ರೆ ನಾಲ್ಕನೇ ದಿನಕ್ಕೆ ಕೈ ತಾನೇ ಓಕೆ ಒತ್ತತ್ತೆ. ಅದಕ್ಕೆ ಕೇಳ್ಬೇಕಾದ ಪ್ರಶ್ನೆ, ಯಾವ ಎಚ್ಚರಿಕೆ ಬೇಕು ಯಾವ್ದು ಬೇಡ ಅಂತ ನಾವು ಹೊಂದಿಸ್ಕೋಬೋದಾ, ಮತ್ತೆ ಆ ಔಷಧಿ ಪಟ್ಟಿನ ಎಷ್ಟು ದಿನಕ್ಕೊಮ್ಮೆ ಯಾರು ಅಪ್‌ಡೇಟ್ ಮಾಡ್ತಾರೆ.

ಮನೆಯವರ ಕಡೆಯ ಪರೀಕ್ಷೆ ಇನ್ನೂ ಕಷ್ಟದ್ದು, ಹೆಚ್ಚಿನ ಸಾಫ್ಟ್‌ವೇರ್‌ಗಳು ಎಡವೋದೇ ಮಕ್ಕಳ ವಿಷಯದಲ್ಲಿ. ಅವಧಿಗೆ ಮುಂಚೆ, ಉದಾಹರಣೆಗೆ 30 ವಾರಕ್ಕೇ ಹುಟ್ಟಿದ ಮಗುನ ಹಾಕೋಕೆ ಹೇಳಿ. ಬೆಳವಣಿಗೆ ಚಾರ್ಟಲ್ಲಿ ಸರಿಪಡಿಸಿದ ವಯಸ್ಸು (ಹುಟ್ಟಬೇಕಿದ್ದ ದಿನದಿಂದ ಎಣಿಸೋದು) ಹಿಡಿಯತ್ತಾ ಇಲ್ಲಾ ಹುಟ್ಟಿದ ತಾರೀಖು ಮಾತ್ರಾನಾ? ಡಬ್ಲ್ಯುಎಚ್‌ಒ 2006ರಲ್ಲಿ ಕೊಟ್ಟ ಐದು ವರ್ಷದ ತನಕದ ಚಾರ್ಟು ನಿಜವಾಗ್ಲೂ ಒಳಗಿದೆಯಾ, ಇಲ್ಲಾ ಬರೀ ತೂಕದ ಒಂದು ಗೆರೆ ಎಳೆದು ಗ್ರೋತ್ ಚಾರ್ಟ್ ಅಂತಿದಾರಾ? ತೂಕದ ಮೇಲೆ ಡೋಸ್ ಲೆಕ್ಕ ಹಾಕಿಕೊಡತ್ತೆ ಅಂದ್ರೆ, ಯಾವತ್ತಿನ ತೂಕ? ಎಂಟು ತಿಂಗಳ ಹಿಂದಿನ ತೂಕ ಹಿಡಿದು ಸದ್ದಿಲ್ಲದೆ ಲೆಕ್ಕ ಹಾಕೋದನ್ನ ನೋಡಿದೀನಿ, ಕೆಳಗೆ ತಾರೀಖು ಸಣ್ಣಕ್ಷರದಲ್ಲಿತ್ತು, ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಅವಳಿ ಮಕ್ಕಳನ್ನ ಒಂದೇ ಮೊಬೈಲ್ ನಂಬರಲ್ಲಿ ನೋಂದಾಯಿಸಿ, ಹುಟ್ಟಿದ ದಿನ ಒಂದೇ, ಮನೆ ಹೆಸರು ಒಂದೇ, ಅಪ್ಪನ ಹೆಸರು ಒಂದೇ. ಇಬ್ಬರ ರೆಕಾರ್ಡ್ ಕಲಸಿಹೋಗದ ಹಾಗೆ ಏನ್ ಮಾಡತ್ತೆ, ತಪ್ಪಿ ಕಲಸಿದ್ರೆ ಮತ್ತೆ ಬೇರೆ ಮಾಡೋಕಾಗತ್ತಾ? ಮೊಬೈಲ್ ನಂಬರನ್ನೇ ರೋಗಿ ಗುರುತು ಅಂತ ಇಟ್ಕೊಂಡಿರೋ ಸಾಫ್ಟ್‌ವೇರ್ ಆಗಿದ್ರೆ ಅಲ್ಲಿಗೇ ಕೈಮುಗಿದು ಕಳಿಸಿ.

ಈಗ ಸಿಕ್ಕಾಕ್ಕೊಳ್ಳೋ ವಿಷಯ. ಸಾಫ್ಟ್‌ವೇರ್ ಯಾವ್ದು ತಗೊಂಡ್ರೂ ಹತ್ತು ವರ್ಷದೊಳಗೆ ಒಂದು ಸಲವಾದ್ರೂ ಬದಲಾಯಿಸ್ತೀರಿ ಅಂತಲೇ ಇಟ್ಕೊಳ್ಳಿ. ಕಂಪನಿ ಮಾರಿಹೋಗತ್ತೆ, ಬಾಡಿಗೆ ಏರತ್ತೆ, ಅಥವಾ ನಿಮ್ಮ ಕ್ಲಿನಿಕ್ಕೇ ದೊಡ್ಡದಾಗತ್ತೆ. ಆವತ್ತು ಅಷ್ಟೂ ರೋಗಿಗಳ ಚರಿತ್ರೆ ನಿಮ್ಮ ಜೊತೆ ಬರ್ಬೇಕು. "ಡೇಟಾ ನಿಮ್ಮದೇ ಸಾರ್" ಅಂತ ಮೂರೂ ಕಂಪನಿಯವರು ಹೇಳಿರ್ತಾರೆ, ಯಾರೂ ಸುಳ್ಳೂ ಹೇಳಿರಲ್ಲ, ಆದ್ರೆ ಡೇಟಾ ನಿಮ್ಮದಾಗಿರೋದು ಬೇರೆ, ಅದು ಉಪಯೋಗಕ್ಕೆ ಬರೋ ರೂಪದಲ್ಲಿ ನಿಮ್ಮ ಕೈಗೆ ಸಿಗೋದು ಬೇರೆ. ಬಿಡ್ತೀನಿ ಅಂದ ದಿನ ಸಾವಿರಾರು ಪಿಡಿಎಫ್ ಒಂದು ಹಾರ್ಡ್ ಡಿಸ್ಕಲ್ಲಿ ತುಂಬಿ ಕೈಗಿಟ್ರೆ ಅವರ ಲೆಕ್ಕದಲ್ಲಿ ಡೇಟಾ ಕೊಟ್ಟಂಗೇ. ಆದ್ರೆ ಪಿಡಿಎಫ್‌ನಿಂದ ಹೊಸ ಸಾಫ್ಟ್‌ವೇರ್ ಔಷಧಿ ಪಟ್ಟಿ ಓದಲ್ಲ, ಶುಗರ್ ಸರಾಸರಿ ತೋರಿಸೋ ಎಚ್‌ಬಿಎ1ಸಿ ಗ್ರಾಫ್ ಬರಲ್ಲ, ಅಲರ್ಜಿ ಎಚ್ಚರಿಕೆ ಕೆಲ್ಸ ಮಾಡಲ್ಲ. ಹಿಂದಿನ ಐದು ವರ್ಷ ಬರೀ ಫೋಟೋ ಆಲ್ಬಮ್ ಆಗಿಬಿಡತ್ತೆ.

ಅದಕ್ಕೆ ಸಹಿ ಮಾಡೋ ಮುಂಚೆ ಒಂದು ಕೆಲ್ಸ ಮಾಡಿ. ಮೇಲೆ ಹೇಳಿದ ಪರೀಕ್ಷೆ ರೋಗಿಗಳನ್ನೆಲ್ಲಾ ಹಾಕಾದ ಮೇಲೆ, ಇದಿಷ್ಟನ್ನೂ ಈಗಲೇ ಎಕ್ಸ್‌ಪೋರ್ಟ್ ಮಾಡಿಕೊಡಿ ಅಂತ ಕೇಳಿ. ಬಂದ ಫೈಲನ್ನ ಕಂಪ್ಯೂಟರ್ ಗೊತ್ತಿರೋ ಮೂರನೆಯವರ ಕೈಲಿ ತೆಗೆಸಿ ನೋಡಿ. ಔಷಧಿ ಹೆಸರು, ಡೋಸು, ಎಷ್ಟು ದಿನ ಇವು ಬೇರೆ ಬೇರೆ ಕಾಲಂನಲ್ಲಿ ಇದಾವಾ ಇಲ್ಲಾ ಒಂದೇ ಉದ್ದ ವಾಕ್ಯವಾಗಿ ಬಿದ್ದಿದೆಯಾ, ಲ್ಯಾಬ್ ಸಂಖ್ಯೆ ಜೊತೆ ಯುನಿಟ್ ಬಂದಿದೆಯಾ, ಸ್ಕ್ಯಾನ್ ಮಾಡಿದ ಕಾಗದ ಯಾವ ರೋಗಿದು ಅಂತ ಗೊತ್ತಾಗತ್ತಾ, ಯಾರು ಯಾವಾಗ ಏನ್ ತಿದ್ದಿದ್ರು ಅನ್ನೋ ಲಾಗ್ ಬಂತಾ. "ಅದೆಲ್ಲಾ ಆಮೇಲೆ ಮಾಡ್ಕೊಡ್ತೀವಿ ಸಾರ್" ಅಂದ್ರೆ ಉತ್ತರ ಸಿಕ್ಕಂಗಾಯ್ತು. ಒಳಗೆ ಕಾಲಿಡೋ ಮುಂಚೆ ಹೊರಗೆ ಹೋಗೋ ಬಾಗಿಲು ತೆರೆಯತ್ತಾ ನೋಡ್ಕೊಳ್ಳಿ ಅಂತ ನಾನು ಎಲ್ರಿಗೂ ಹೇಳೋದು ಇದಕ್ಕೇ.

ಇಲ್ಲಿ ಸ್ಟ್ಯಾಂಡರ್ಡ್‌ಗಳ ಹೆಸರು ಕಿವಿಗೆ ಬೀಳತ್ತೆ, ಸ್ವಲ್ಪ ಗೊತ್ತಿದ್ರೆ ಸಾಕು. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ಭಾಷೆನ ರೂಪಿಸ್ತಿರೋದು 1987ರಲ್ಲಿ ಶುರುವಾದ ಎಚ್‌ಎಲ್7 ಸಂಸ್ಥೆ, ಅವರ ಈಗಿನ ಮಾದರಿ ಫೈರ್ ಅಂತ. ಲ್ಯಾಬ್ ಪರೀಕ್ಷೆಗಳಿಗೆ ಕೋಡ್ ಕೊಡೋದು ಲಾಯಿಂಕ್, ಕಾಯಿಲೆಗಳಿಗೆ ಐಸಿಡಿ, ಎಕ್ಸ್‌ರೇ ಸ್ಕ್ಯಾನ್‌ಗಳ ಚಿತ್ರಕ್ಕೆ ಡೈಕಾಮ್. ಬ್ರೋಷರಲ್ಲಿ "ಫೈರ್ ಸಪೋರ್ಟ್ ಇದೆ" ಅಂತ ಬರೆದಿದ್ರೆ ಅಷ್ಟಕ್ಕೇ ಖುಷಿಯಾಗ್ಬೇಡಿ, ರೋಗಿ ಹೆಸರು ವಿಳಾಸ ಮಾತ್ರ ಫೈರ್‌ನಲ್ಲಿ ಕೊಟ್ಟು ಔಷಧಿ, ಲ್ಯಾಬು ಕೊಡದೇ ಇರೋದೂ ಸಪೋರ್ಟೇ. ಯಾವ್ಯಾವ ಮಾಹಿತಿ ಹೊರಗೆ ಬರತ್ತೆ ಅಂತ ಪಟ್ಟಿ ಕೇಳಿ, ಒಂದು ಸಲ ಬರಿಸಿ ನೋಡಿ. ಒಪ್ಪಂದದಲ್ಲೂ ಇದನ್ನ ಬರೆಸಿ: ಬಿಟ್ಟ ಮೇಲೆ ಎಷ್ಟು ದಿನದೊಳಗೆ, ಯಾವ ರೂಪದಲ್ಲಿ, ಎಷ್ಟು ಶುಲ್ಕಕ್ಕೆ ಕೊಡ್ತಾರೆ, ಆಮೇಲೆ ಎಷ್ಟು ತಿಂಗಳು ಓದೋಕಾದ್ರೂ ತೆರೆದಿಡ್ತಾರೆ, ಕಂಪನಿ ಬೇರೆಯವರ ಪಾಲಾದ್ರೆ ಈ ಮಾತು ಅವರಿಗೂ ಅನ್ವಯ ಆಗತ್ತಾ. ರೆಕಾರ್ಡ್ ಎಷ್ಟು ವರ್ಷ ಇಡ್ಬೇಕು ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಮಕ್ಕಳ ರೆಕಾರ್ಡಿಗೆ ಎಷ್ಟೋ ಕಡೆ ಅವರು ದೊಡ್ಡೋರಾದ ಮೇಲೂ ಇಡೋ ನಿಯಮ ಇರತ್ತೆ. ಅಷ್ಟು ವರ್ಷ ಈ ಕಂಪನಿ ಇರತ್ತೆ ಅನ್ನೋ ಭರವಸೆ ಯಾರೂ ಕೊಡೋಕಾಗಲ್ಲ.

ಇನ್ನು ನಿಮ್ಮ ಮೂರು ಆಯ್ಕೆ. ಫ್ರೀ ಸಾಫ್ಟ್‌ವೇರ್: ಪುಕ್ಸಟ್ಟೆ ಸಿಕ್ರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನೋ ಮಾತು ಇಲ್ಲಿ ನಡೆಯಲ್ಲ. ಅಮೆರಿಕದಲ್ಲಿ ಪ್ರಾಕ್ಟೀಸ್ ಫ್ಯೂಷನ್ ಅಂತ ಒಂದು ಫ್ರೀ ಇಎಂಆರ್ ಇತ್ತು, ಜಾಹೀರಾತಿನಿಂದ ನಡೀತಿತ್ತು, ಸಣ್ಣ ಕ್ಲಿನಿಕ್‌ಗಳಲ್ಲಿ ಬಹಳ ಜನಪ್ರಿಯ. 2018ರಲ್ಲಿ ಬೇರೆ ಕಂಪನಿ ಕೊಂಡ್ಕೊಳ್ತು, ಅದೇ ವರ್ಷ ಫ್ರೀ ಹೋಗಿ ಬಾಡಿಗೆ ಬಂತು. ಅದಾದ್ರೂ ವ್ಯಾಪಾರ ಅನ್ಬೋದು. 2020ರ ಜನವರಿಯಲ್ಲಿ ಅದೇ ಸಂಸ್ಥೆ 14.5 ಕೋಟಿ ಡಾಲರ್ ಕೊಟ್ಟು ಕೇಸ್ ಬಗೆಹರಿಸ್ಕೊಳ್ತು, ಯಾಕಂದ್ರೆ ಓಪಿಯಾಯ್ಡ್ ಅನ್ನೋ ಅಫೀಮು ಜಾತಿಯ ನೋವು ಮಾತ್ರೆ ತಯಾರಿಸೋ ಕಂಪನಿಯಿಂದ ದುಡ್ಡು ಇಸ್ಕೊಂಡು, ಡಾಕ್ಟ್ರ ಸ್ಕ್ರೀನ್ ಮೇಲೆ ಬರೋ ಕ್ಲಿನಿಕಲ್ ಸಲಹೆನ ಆ ಮಾತ್ರೆ ಬರೆಸೋ ಕಡೆಗೆ ಹೊಂದಿಸಿತ್ತು. ಡಾಕ್ಟ್ರಿಗೆ ಅದು ಜಾಹೀರಾತು ಅಂತಲೇ ಗೊತ್ತಿಲ್ಲ, ವೈದ್ಯಕೀಯ ಸಲಹೆ ಅಂದ್ಕೊಂಡು ಓದ್ತಿದ್ರು. ನಂಗೆ ಇದು ಡೇಟಾ ಕಳುವಿಗಿಂತ ಕೆಟ್ಟದಾಗಿ ಕಾಣತ್ತೆ. ಹಾಗಾಗಿ ಫ್ರೀ ಅಂದವರಿಗೆ ಒಂದೇ ಪ್ರಶ್ನೆ ಕೇಳಿ, ನಿಮ್ಮ ಸಂಬಳ ಎಲ್ಲಿಂದ ಬರತ್ತೆ ಸ್ವಾಮಿ.

ಓಪನ್ ಸೋರ್ಸ್ ಇದಕ್ಕಿಂತ ಬೇರೆ ಜಾತಿ. ಓಪನ್‌ಇಎಂಆರ್, ಓಪನ್‌ಎಂಆರ್‌ಎಸ್ ಇವೆಲ್ಲಾ ನಿಜವಾಗ್ಲೂ ಲೈಸೆನ್ಸ್ ದುಡ್ಡಿಲ್ಲದೆ ಸಿಗೋವು, ಒಳಗಿನ ಕೋಡ್ ಯಾರು ಬೇಕಾದ್ರೂ ನೋಡ್ಬೋದು, ಡೇಟಾ ಬೀಗ ಹಾಕಿಡೋ ಕಂಪನಿ ಮಧ್ಯದಲ್ಲಿಲ್ಲ. ಆದ್ರೆ ಅದನ್ನ ಕೂರಿಸೋಕೆ, ಅಪ್‌ಡೇಟ್ ಮಾಡೋಕೆ, ರಾತ್ರಿ ಕೆಟ್ರೆ ಎದ್ದು ನೋಡೋಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ನಿಮ್ಮ ಹತ್ರ ಇದ್ರೆ ಒಳ್ಳೇ ಆಯ್ಕೆ. ಇಲ್ದೇ ಇದ್ರೆ, ಮೈದುನನ ಮಗ ಇಂಜಿನಿಯರಿಂಗ್ ಓದ್ತಿದಾನೆ ಅನ್ನೋ ಧೈರ್ಯದ ಮೇಲೆ ಮಾಡ್ಬೇಡಿ.

ಕ್ಲಿನಿಕ್ಕಲ್ಲೇ ಸರ್ವರ್ ಇಟ್ರೆ ಡೇಟಾ ನಮ್ಮ ಕಣ್ಮುಂದೆ ಇರತ್ತೆ, ಹಾಗಾಗಿ ಸೇಫು, ಇದು ನಾನು ಅತಿ ಹೆಚ್ಚು ಕೇಳಿರೋ ತಪ್ಪು ನಂಬಿಕೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋ ರಾನ್ಸಮ್‌ವೇರ್, ಅಂದ್ರೆ ಡೇಟಾಗೆ ಬೀಗ ಹಾಕಿ ಬಿಡಿಸೋಕೆ ದುಡ್ಡು ಕೇಳೋ ವೈರಸ್ಸು, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನ ಬೀಗ ಹಾಕಿ ಕೂರಿಸ್ತು. ಅದನ್ನ ತಡೆಯೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿರಲಿಲ್ಲ ಅಷ್ಟೇ. ಅಷ್ಟು ದೊಡ್ಡ ವ್ಯವಸ್ಥೆಯವರೇ ಮರೆತ್ರೆ, ದಿನಾ ರೋಗಿ ನೋಡೋ ಇಬ್ರು ಡಾಕ್ಟ್ರು ತಿಂಗಳು ತಿಂಗಳು ಸರ್ವರ್ ಅಪ್‌ಡೇಟ್ ಮಾಡ್ತೀರಾ? ಬ್ಯಾಕಪ್ ಅಂತ ಪಕ್ಕದಲ್ಲೇ ಚುಚ್ಚಿಟ್ಟಿರೋ ಹಾರ್ಡ್ ಡಿಸ್ಕ್ ಲೆಕ್ಕಕ್ಕಿಲ್ಲ, ರಾನ್ಸಮ್‌ವೇರ್ ಅದನ್ನೂ ಸೇರಿಸಿ ಬೀಗ ಹಾಕತ್ತೆ. ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಕಟ್ಟಡದಿಂದ ಹೊರಗೆ, ಇದು ಹಳೇ ನಿಯಮ, ಇವತ್ತಿಗೂ ಸರಿ. ನಾನು ಇನ್ನೊಂದು ಸೇರಿಸ್ತೀನಿ, ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿ, ತೆಗೆದು ನೋಡದ ಬ್ಯಾಕಪ್ ಇದ್ರೂ ಒಂದೇ ಇಲ್ದಿದ್ರೂ ಒಂದೇ.

ಹಾಗಾದ್ರೆ ಕ್ಲೌಡ್ ಭಯ ಸುಳ್ಳಾ? ಸುಳ್ಳಲ್ಲ, ಆದ್ರೆ ಭಯ ತಪ್ಪು ಜಾಗದಲ್ಲಿದೆ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಬಿಲ್ಲು ನಡೆಸೋ ಚೇಂಜ್ ಹೆಲ್ತ್‌ಕೇರ್ ಕಂಪನಿ ಮೇಲೆ ದಾಳಿ ಆಗಿ ದೇಶದ ತುಂಬಾ ಆಸ್ಪತ್ರೆ, ಔಷಧಿ ಅಂಗಡಿಗಳ ಬಿಲ್ಲಿಂಗ್ ವಾರಗಟ್ಟಲೆ ನಿಂತಿತ್ತು. ಕಳ್ಳರು ಒಳಗೆ ಬಂದಿದ್ದು ಎರಡನೇ ಹಂತದ ದೃಢೀಕರಣ, ಅಂದ್ರೆ ಪಾಸ್‌ವರ್ಡ್ ಆದ್ಮೇಲೆ ಫೋನಿಗೆ ಕೋಡ್ ಬರತ್ತಲ್ಲ ಅದು, ಇಲ್ಲದೇ ಇದ್ದ ಒಂದು ಲಾಗಿನ್‌ನಿಂದ. ಸಣ್ಣ ಕ್ಲಿನಿಕ್‌ಗಳಲ್ಲಿ ನಾನು ಕಂಡಿರೋ ಸೋರಿಕೆಗಳೂ ಹೆಚ್ಚುಕಮ್ಮಿ ಇಂಥವೇ, ಡಾಕ್ಟ್ರ ಪಾಸ್‌ವರ್ಡ್ ರಿಸೆಪ್ಷನ್‌ನಲ್ಲಿ ಚೀಟಿ ಬರೆದು ಅಂಟಿಸಿರ್ತಾರೆ, ಕೆಲ್ಸ ಬಿಟ್ಟುಹೋದವರ ಲಾಗಿನ್ ವರ್ಷ ಆದ್ರೂ ತೆಗೆದಿರಲ್ಲ, ರಿಪೋರ್ಟನ್ನ ವಾಟ್ಸಾಪ್‌ನಲ್ಲಿ ತಪ್ಪು ನಂಬರಿಗೆ ಕಳಿಸಿರ್ತಾರೆ. ಕ್ಲೌಡ್ ಆಗ್ಲಿ ಸರ್ವರ್ ಆಗ್ಲಿ, ಪ್ರತಿಯೊಬ್ರಿಗೂ ಬೇರೆ ಲಾಗಿನ್, ಅವರವರ ಕೆಲಸಕ್ಕೆ ಬೇಕಾದಷ್ಟೇ ಕಾಣ್ಬೇಕು, ಎರಡನೇ ಹಂತದ ದೃಢೀಕರಣ ಇರ್ಲೇಬೇಕು. ಕ್ಲೌಡಿನ ನಿಜವಾದ ತೊಂದರೆ ನೆಟ್ ಹೋದಾಗ. ಡೆಮೊ ಮಧ್ಯದಲ್ಲಿ ವೈಫೈ ಆಫ್ ಮಾಡಿಸಿ, ಇವತ್ತಿನ ರೋಗಿಗಳ ಪಟ್ಟಿ, ಹಿಂದಿನ ಪ್ರಿಸ್ಕ್ರಿಪ್ಷನ್ ಆದ್ರೂ ಕಾಣತ್ತಾ ನೋಡಿ. ತೋರಿಸ್ತಿರೋರ ಮುಖನೂ ನೋಡಿ, ಅದರಲ್ಲೇ ಅರ್ಧ ಗೊತ್ತಾಗತ್ತೆ.

ನಿಮ್ಮ ಸೀನಿಯರ್ ಮಾತಿಗೆ ಬರ್ತೀನಿ. ಪೇಪರಲ್ಲಿ ಒಂದು ವರ್ಷ ಅನ್ನೋದು ನಂಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಹಳೇ ರೆಕಾರ್ಡಿನ ಹೊರೆ ಇಲ್ಲದೇ ಇರೋ ಏಕೈಕ ಸಮಯ ನಿಮಗೆ ಈಗಲೇ ಇರೋದು, ಒಂದು ವರ್ಷ ಕಳೆದ್ರೆ ಕಪಾಟು ತುಂಬಿರತ್ತೆ, ಅದನ್ನ ಟೈಪ್ ಮಾಡೋಕೆ ಯಾರೂ ಕೂರಲ್ಲ. ಆದ್ರೆ ಅವರ ಮಾತಿನ ಒಳಗೆ ಒಂದು ಸತ್ಯ ಇದೆ, ಮೊದಲ ದಿನದಿಂದಲೇ ಎಲ್ಲಾ ಕಂಪ್ಯೂಟರಲ್ಲೇ ಆಗ್ಬೇಕು ಅಂತ ಹಠ ಹಿಡಿದ್ರೆ ನೀವು ಮತ್ತೆ ಸ್ಕ್ರೀನಿಗೇ ಅಂಟ್ಕೋತೀರಿ. ಲಾರೆನ್ಸ್ ವೀಡ್ ಅನ್ನೋ ಡಾಕ್ಟ್ರು 1968ರಲ್ಲೇ ರೆಕಾರ್ಡ್ ಅನ್ನೋದು ರೋಗಿಯ ಸಮಸ್ಯೆಗಳ ಪಟ್ಟಿ ಸುತ್ತ ಇರ್ಬೇಕು ಅಂತ ಬರೆದ್ರು, ಆಗ ಬರೀ ಕಾಗದ. ಇವತ್ತಿಗೂ ನಾನು ಅಲ್ಲಿಂದಲೇ ಶುರು ಮಾಡಿಸೋದು. ಸಮಸ್ಯೆ ಪಟ್ಟಿ, ಅಲರ್ಜಿ, ಈಗಿನ ಔಷಧಿ, ಲ್ಯಾಬ್ ಸಂಖ್ಯೆ, ಮಕ್ಕಳಿಗೆ ತೂಕ ಎತ್ತರ ಲಸಿಕೆ, ಇಷ್ಟು ಕಾಲಂನಲ್ಲಿ ಸರಿಯಾಗಿ ಹೋಗ್ಲಿ. ಉಳಿದ ಕಥೆ ಬೇಕಿದ್ರೆ ಕೈಲಿ ಬರೆದು ಫೋಟೋ ತೆಗೆದು ಹಾಕಿ, ಏನೂ ಮುಳುಗಲ್ಲ.

ಟೆಂಪ್ಲೇಟ್ ಬಗ್ಗೆ ಮಾತ್ರ ಹುಷಾರು. ಒಂದು ಕ್ಲಿಕ್ಕಿಗೆ ಪೂರ್ತಿ ಪರೀಕ್ಷೆ ನಾರ್ಮಲ್ ಅಂತ ಬಂದುಬಿಡತ್ತೆ, ಸುಲಭ ಅನ್ಸತ್ತೆ, ಆಮೇಲೆ ನೀವು ಮುಟ್ಟೇ ನೋಡದ ಹೊಟ್ಟೆ ಬಗ್ಗೆ ನೀವೇ ಸಹಿ ಹಾಕಿರ್ತೀರಿ. 2017ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯ ನೋಟ್ಸ್ ಬಿಡಿಸಿ ನೋಡಿದಾಗ ಕೈಯಾರೆ ಟೈಪ್ ಮಾಡಿದ್ದು ಶೇ. 18 ಮಾತ್ರ, ಶೇ. 46 ಕಾಪಿ, ಉಳಿದಿದ್ದು ಸಾಫ್ಟ್‌ವೇರ್ ತಾನೇ ಎಳ್ಕೊಂಡು ಬಂದಿದ್ದು. ಈಗ ಮಾತು ಕೇಳಿ ತಾನೇ ನೋಟ್ಸ್ ಬರೆಯೋ ಎಐ ಬಂದಿದೆ, ಸ್ಕ್ರೀನಿಂದ ಕಣ್ಣು ಎತ್ತೋಕೆ ಅದು ನಿಜವಾಗ್ಲೂ ಸಹಾಯ ಮಾಡತ್ತೆ, ಆದ್ರೆ ಹೇಳದೇ ಇದ್ದದ್ದನ್ನೂ ಕೆಲವೊಮ್ಮೆ ಬರೆಯತ್ತೆ, ರೋಗಿಯ ಒಪ್ಪಿಗೆನೂ ಬೇಕು, ಆ ಧ್ವನಿ ಎಲ್ಲಿ ಹೋಗಿ ಎಷ್ಟು ದಿನ ಇರತ್ತೆ ಅನ್ನೋದೂ ಕೇಳ್ಬೇಕು. ಮೊದಲ ಆರು ತಿಂಗಳು ಅದರ ತಂಟೆಗೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಮೊದಲು ಟೇಬಲ್ ಬದಲಾಯಿಸಿ, ನೀವು, ರೋಗಿ, ಸ್ಕ್ರೀನ್ ತ್ರಿಕೋನದಲ್ಲಿ ಇರೋ ಹಾಗೆ ಇಟ್ಕೊಂಡು ರೋಗಿಗೂ ಸ್ಕ್ರೀನ್ ಕಾಣಲಿ, ಔಷಧಿ ಪಟ್ಟಿಲಿ ತಪ್ಪಿದ್ರೆ ಅವರೇ ಹೇಳ್ತಾರೆ. ಪಕ್ಕಕ್ಕೆ ತಿರುಗಿಸೋಕೆ ಆಗೋ ಒಂದು ಸ್ಟ್ಯಾಂಡ್ ಸಾಕು.

ನೇರವಾಗಿ ಹೇಳಿ ಅಂದ್ರಿ. ಐಟಿ ಮನುಷ್ಯ ಇಲ್ಲದ ಇಬ್ಬರು ಡಾಕ್ಟ್ರ ಕ್ಲಿನಿಕ್‌ಗೆ ನಾನು ಕ್ಲೌಡ್ ಬಾಡಿಗೆಯದ್ದನ್ನೇ ಹೇಳ್ತೀನಿ, ಆದ್ರೆ ಆ ಎಕ್ಸ್‌ಪೋರ್ಟ್ ಪರೀಕ್ಷೆ ಪಾಸಾದ್ರೆ ಮಾತ್ರ, ಮತ್ತೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅನ್ನೋದಕ್ಕೆ ಬೀಳದೆ ತಿಂಗಳು ಅಥವಾ ಒಂದು ವರ್ಷದ ಲೆಕ್ಕದಲ್ಲಿ. ಫೇಲಾದ್ರೆ ಸರ್ವರ್ ಕಂಪನಿಯವರಿಗೂ ಅದೇ ಪರೀಕ್ಷೆ ಕೊಡಿ, ಅದು ಪಾಸಾದ್ರೆ ಬ್ಯಾಕಪ್, ಅಪ್‌ಡೇಟ್ ಅವರ ಜವಾಬ್ದಾರಿ ಅಂತ ಬರೆಸ್ಕೊಂಡು ತಗೊಳ್ಳಿ. ಎರಡೂ ಫೇಲಾದ್ರೆ ನಾಲ್ಕನೇದು ಹುಡುಕಿ, ಮೂರು ತಿಂಗಳು ಸಾಕು. ತೆರೆಯೋ ಮುಂಚಿನ ಒಂದು ವಾರ ನೀವಿಬ್ರೂ ರಿಸೆಪ್ಷನ್, ನರ್ಸ್ ಎಲ್ರೂ ಸೇರಿ ಸುಳ್ಳು ರೋಗಿಗಳನ್ನ ನೋಡಿ, ಶುರುವಾದ ಮೇಲೆ ಮೊದಲ ಎರಡು ವಾರ ಅಪಾಯಿಂಟ್‌ಮೆಂಟ್ ಅರ್ಧಕ್ಕೆ ಇಳಿಸಿ.

ಕೊನೆಗೆ ನೀವು ಕೇಳಿಲ್ಲ, ಆದ್ರೆ ಕೇಳೇ ಕೇಳ್ತೀರಿ, ಹಳೇ ಆಸ್ಪತ್ರೆಯ ನಿಮ್ಮ ರೋಗಿಗಳ ರೆಕಾರ್ಡ್ ತರೋದು ಹೇಗೆ ಅಂತ. ನೀವಾಗಿ ತರ್ಬೇಡಿ, ಪೆನ್‌ಡ್ರೈವಲ್ಲಂತೂ ಬೇಡವೇ ಬೇಡ, ಆ ರೆಕಾರ್ಡ್ ಕಾಪಾಡೋ ಜವಾಬ್ದಾರಿ ಆಸ್ಪತ್ರೆದು. ರೋಗಿಗಳೇ ತಮ್ಮ ಪ್ರತಿ ಕೇಳಿ ತರ್ಲಿ. ಬಂದಾಗ ಪೂರ್ತಿ ಟೈಪ್ ಮಾಡೋಕೆ ಕೂರ್ಬೇಡಿ, ಸಮಸ್ಯೆ, ಅಲರ್ಜಿ, ಔಷಧಿ, ಕೊನೇ ಲ್ಯಾಬ್ ಸಂಖ್ಯೆ ಇಷ್ಟನ್ನ ನರ್ಸ್ ಕಾಲಂಗೆ ಹಾಕ್ಲಿ, ನೀವು ಒಂದು ಸಲ ಕಣ್ಣಾಡಿಸಿ, ಉಳಿದಿದ್ದನ್ನ ಸ್ಕ್ಯಾನ್ ಮಾಡಿ ಕಾಗದ ಅವರ ಕೈಗೇ ವಾಪಸ್ ಕೊಟ್ಬಿಡಿ.